ಹಿಮದ ಲೆಕ್ಕ, ಮಳೆಯ ಲೆಕ್ಕ

ಡಿಸೆಂಬರ್ ಮುಗಿಯುವ ಹೊತ್ತಿಗೆ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸುವ ಸುದ್ದಿಯೊಂದಿದೆ: ಶಿಮ್ಲಾ, ಮನಾಲಿಯಲ್ಲಿ ಹಿಮಪಾತ, ಜಮ್ಮು–ಶ್ರೀನಗರ ಹೆದ್ದಾರಿ ಬಂದ್. ಜೊತೆಗೆ ಬಿಳಿ ಹೊದ್ದ ದೇವದಾರು ಮರಗಳ ಕೆಳಗೆ ಹಿಮದ ಉಂಡೆ ಎಸೆದಾಡುವ ಪ್ರವಾಸಿಗರ ಚಿತ್ರ. ಕನ್ನಡನಾಡಿನ ಓದುಗರಿಗೆ ಇದು ದೂರದ ಸುದ್ದಿ. ಎಷ್ಟು ದೂರದ್ದೆಂದರೆ, ಅದಕ್ಕೆ ಕನ್ನಡದಲ್ಲಿ ಸ್ವಂತದ್ದೊಂದು ಹೆಸರೂ ನೆಲೆಗೊಂಡಿಲ್ಲ. ಕೊಡಗಿನ ಬೆಳಗಿನಲ್ಲಿ ಕವಿಯುವುದು ಮಂಜು, ಹುಲ್ಲಿನ ತುದಿಯಲ್ಲಿ ನಿಲ್ಲುವುದು ಇಬ್ಬನಿ, ಬೇಸಿಗೆಯ ಗುಡುಗುಮಳೆಯಲ್ಲಿ ಉದುರುವುದು ಆಲಿಕಲ್ಲು. ಆಕಾಶದಿಂದ ಅರಳೆಯಂತೆ ಸದ್ದಿಲ್ಲದೆ ಇಳಿಯುವ ವಸ್ತುವಿಗೆ ಸಂಸ್ಕೃತದ ‘ಹಿಮ’ವನ್ನೇ ತಂದುಕೊಳ್ಳಬೇಕಾಯಿತು. ಅದೂ ಸಾಲದೆಂಬಂತೆ, ಹೀಗೆ ಮೆಲ್ಲಗೆ ಬೀಳುವುದಕ್ಕೂ ‘ಹಿಮಪಾತ’, ಬೆಟ್ಟದಿಂದ ಜಾರಿ ಊರನ್ನೇ ಹೂಳುವುದಕ್ಕೂ ‘ಹಿಮಪಾತ’ ಎಂದೇ ಬರೆಯುವ ರೂಢಿ ಬೆಳೆದಿದೆ. ಎರಡನ್ನೂ ಬೇರೆ ಮಾಡಿಕೊಳ್ಳುವುದು ಒಳ್ಳೆಯದು: ಮೊದಲನೆಯದು ಹಿಮಪಾತ, ಎರಡನೆಯದು ಹಿಮಕುಸಿತ.

ಇಷ್ಟು ದೂರದ ಈ ಹಿಮಕ್ಕೂ ಮೈಸೂರು ಸೀಮೆಯ ಹಳೆಯದೊಂದು ಸಂಕಟಕ್ಕೂ ನಂಟುಂಟು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ, ಧಾತು ಮತ್ತು ಈಶ್ವರ ಸಂವತ್ಸರಗಳ ಆ ಘೋರ ಬರದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ್ದು ಅಷ್ಟಿಷ್ಟಲ್ಲ. 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಜನಸಂಖ್ಯೆ 1881ರ ಎಣಿಕೆಗೆ 42 ಲಕ್ಷಕ್ಕೆ ಇಳಿದಿತ್ತು. ಬರ ಮುಗಿದ ಮೇಲೆ ಸರ್ಕಾರ ಕೇಳಿದ ಪ್ರಶ್ನೆ ಸರಳವಾದದ್ದು: ಮಳೆ ಕೈಕೊಡುತ್ತದೆಯೆಂದು ಮೊದಲೇ ತಿಳಿಯಲು ಸಾಧ್ಯವೆ? ಈ ಪ್ರಶ್ನೆ ಹೋಗಿ ನಿಂತದ್ದು ಹೆನ್ರಿ ಬ್ಲ್ಯಾನ್‌ಫೋರ್ಡ್ ಎಂಬಾತನ ಮೇಜಿನ ಮೇಲೆ. 1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆಗೆ ಅವನೇ ಮೊದಲ ಮುಖ್ಯಸ್ಥ.

ಬ್ಲ್ಯಾನ್‌ಫೋರ್ಡ್ ಉತ್ತರ ಹುಡುಕಿದ್ದು ಸಮುದ್ರದಲ್ಲಲ್ಲ, ಹಿಮಾಲಯದಲ್ಲಿ. ಚಳಿಗಾಲದಲ್ಲೂ ವಸಂತದಲ್ಲೂ ಪರ್ವತದ ಮೇಲೆ ಹೆಚ್ಚು ಹಿಮ ಬಿದ್ದು, ಅದು ಬಹಳ ದಿನ ಕರಗದೆ ಉಳಿದರೆ ಆ ವರ್ಷ ಬಯಲಿನಲ್ಲಿ ಒಣ ಗಾಳಿ ಬೀಸಿ ಮುಂಗಾರು ಸೊರಗುತ್ತದೆ ಎಂಬುದು ಅವನ ತರ್ಕ. ಇದರ ಹಿಂದಿನ ಕಾರಣ ತಿಳಿಯಲು ಕಷ್ಟವೇನಿಲ್ಲ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಉಳಿದ ಶಾಖವೂ ನೆಲವನ್ನು ಕಾಯಿಸುವ ಬದಲು ಹಿಮವನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ. ನೆಲ ಕಾಯದಿದ್ದರೆ ಕಡಲ ಗಾಳಿಯನ್ನು ಒಳನಾಡಿಗೆ ಎಳೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಬೆಟ್ಟದ ಠಾಣೆಗಳಿಂದ ಬರುತ್ತಿದ್ದ ವರದಿಗಳನ್ನು ನಂಬಿ ಅವನು 1882ರಿಂದ 1885ರವರೆಗೆ ಪ್ರಯೋಗಾರ್ಥ ಮುನ್ಸೂಚನೆಗಳನ್ನು ಕೊಟ್ಟ. ಅವು ಸಾಕಷ್ಟು ಸರಿಹೋದವು. 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಪ್ರಬಂಧ ಅಚ್ಚಾಯಿತು. 1886ರ ಜೂನ್ 4ರಂದು ಇಡೀ ಭಾರತಕ್ಕೂ ಬರ್ಮಾಕ್ಕೂ ಅನ್ವಯಿಸುವ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ ಹೊರಬಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಭಾರತದಲ್ಲಿ ಹಿಮಕ್ಕೆ ಸರ್ಕಾರಿ ಲೆಕ್ಕದಲ್ಲಿ ಬೆಲೆ ಬಂದದ್ದು ಬಯಲಿನ ಮಳೆಯ ಕಾರಣಕ್ಕೆ. ಕಂದಾಯ ಬರುತ್ತಿದ್ದದ್ದು ಬಯಲಿನ ಗದ್ದೆ ಹೊಲಗಳಿಂದ, ಆದ್ದರಿಂದ ಕೇಳಿದ ಪ್ರಶ್ನೆಯೂ ಬಯಲಿನದೇ. ಹಿಮ ಎಂದು, ಎಲ್ಲಿ, ಎಷ್ಟು ಬೀಳುತ್ತದೆ ಎಂಬುದು ಬೆಟ್ಟದ ಮೇಲೆ ಬದುಕುವವರ ಪ್ರಶ್ನೆ. ಅದರ ಸರದಿ ಬರಲು ಬಹಳ ಕಾಲ ಹಿಡಿಯಿತು.

ಬಯಲಿನ ಪ್ರಶ್ನೆಗಾದರೂ ಹಿಮ ನಿಷ್ಠೆಯಿಂದ ಉತ್ತರಿಸಿತೆ ಎಂದರೆ ಅದೂ ಇಲ್ಲ. ಬ್ಲ್ಯಾನ್‌ಫೋರ್ಡನ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ಇನ್ನೂ ಹಲವು ಸೂಚಕಗಳನ್ನು ಸೇರಿಸಿ ಪುಟಗಟ್ಟಲೆ ಮುನ್ಸೂಚನೆ ಬರೆಯುತ್ತಿದ್ದ. 1899ರಲ್ಲಿ ಒಳ್ಳೆಯ ಮಳೆಯಾಗುತ್ತದೆಂದು ಹೇಳಿದ. ಬಂದದ್ದು ಶತಮಾನದ ಭೀಕರ ಬರಗಳಲ್ಲೊಂದು. ಪತ್ರಿಕೆಗಳು ಇಲಾಖೆಯನ್ನು ತರಾಟೆಗೆ ತೆಗೆದುಕೊಂಡವು. ಮುಂದಿನ ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿಟ್ಟು ಅಧಿಕಾರಿಗಳಿಗೆ ಮಾತ್ರ ತಿಳಿಸುವ ಪದ್ಧತಿ ಬಂತು! ತಪ್ಪಿದರೂ ಯಾರಿಗೂ ಗೊತ್ತಾಗದ ಮುನ್ಸೂಚನೆಗಿಂತ ಕ್ಷೇಮವಾದದ್ದು ಇನ್ನೊಂದಿರಲಾರದು.

1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದ ಗಿಲ್ಬರ್ಟ್ ವಾಕರ್ ಗಣಿತಜ್ಞ. ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಶ್ರೀನಿವಾಸ ರಾಮಾನುಜನ್‌ರ ಲೆಕ್ಕಗಳನ್ನು ಕಂಡು, ಈ ತರುಣನಿಗೆ ಓದಲು ಅನುಕೂಲ ಮಾಡಿಕೊಡಿರೆಂದು 1913ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದದ್ದು ಇದೇ ವಾಕರ್. ಅವನ ಕಾಲದಲ್ಲಿ ಇಲಾಖೆಯ ಮುಖ್ಯ ಕಚೇರಿ ಇದ್ದದ್ದು ಶಿಮ್ಲಾದಲ್ಲಿ, ಕಿಟಕಿ ತೆರೆದರೆ ಹಿಮ ಕಾಣುವ ಜಾಗದಲ್ಲಿ. 1909ರ ಅವನ ಸೂತ್ರದಲ್ಲಿ ಹಿಮಾಲಯದ ಹಿಮವೂ ಒಂದು ಅಂಶ. ಅದರ ಪಕ್ಕದಲ್ಲಿ ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರಿನ ಮಳೆ ಬಂದು ಕೂತವು. ಮುಂಗಾರಿನ ಕೀಲಿಕೈ ಹಿಮಾಲಯದಲ್ಲಿ ಮಾತ್ರವಲ್ಲ, ದೂರದ ಸಾಗರಗಳಲ್ಲೂ ಇದೆಯೆಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಆದರೂ ಹಿಮವನ್ನು ಒಮ್ಮೆಗೇ ಕೈಬಿಡಲಿಲ್ಲ. 1976ರಲ್ಲಿ ಹಾನ್ ಮತ್ತು ಶುಕ್ಲಾ ಎಂಬ ಇಬ್ಬರು ವಿಜ್ಞಾನಿಗಳು ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡು, ಯುರೇಷಿಯಾದ ಹಿಮ ಹೆಚ್ಚಿದಾಗ ಭಾರತದ ಮುಂಗಾರು ತಗ್ಗುವ ಒಲವನ್ನು ತೋರಿಸಿದರು. 1988ರಲ್ಲಿ ವಸಂತ ಗೋವಾರಿಕರ್ ಅವರ ತಂಡ ಜಾರಿಗೆ ತಂದ ಹದಿನಾರು ಅಂಶಗಳ ಮಾದರಿಯಲ್ಲಿ ಹಿಮಾಲಯದ ಹಿಮ, ಯುರೇಷಿಯಾದ ಹಿಮ ಎರಡೂ ಇದ್ದವು. 2002ರ ಬರವನ್ನು ಆ ಮಾದರಿ ಮುಂಗಾಣಲಿಲ್ಲ. ಮುಂದೆ ಮಾದರಿ ಬದಲಾದಾಗ ಹಿಮ ಪಟ್ಟಿಯಿಂದ ಹೊರಬಿತ್ತು.

ಇನ್ನು ಬೆಟ್ಟದವರ ಪ್ರಶ್ನೆ. ಕಾಶ್ಮೀರದ ಕಣಿವೆಯಲ್ಲಿ ಚಳಿಗಾಲಕ್ಕೆ ತನ್ನದೇ ಪಂಚಾಂಗವಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’, ಎಂದರೆ ದೊಡ್ಡ ಚಳಿ. ಅದರ ಹಿಂದೆ ಇಪ್ಪತ್ತು ದಿನ ‘ಚಿಲ್ಲೈ ಖುರ್ದ್’, ಚಿಕ್ಕ ಚಳಿ. ಕೊನೆಯ ಹತ್ತು ದಿನ ‘ಚಿಲ್ಲೈ ಬಚ್ಚೆ’, ಮರಿ ಚಳಿ. ಮಳೆ ನಕ್ಷತ್ರಗಳನ್ನು ಹಿಡಿದು ಬಿತ್ತನೆಯ ಲೆಕ್ಕ ಹಾಕುವ ರೈತನಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಪದರಗಟ್ಟಿ ನಿಲ್ಲುತ್ತದೆ, ಬೇಸಿಗೆಯವರೆಗೂ ತೊರೆಗಳಿಗೆ ನೀರೂಡುತ್ತದೆ. ಮರಿ ಚಳಿಯಲ್ಲಿ ಬಿದ್ದದ್ದು ವಸಂತದ ಬಿಸಿಲಿಗೆ ಬೇಗ ಕರಗಿ ಹೋಗುತ್ತದೆ. ಆದ್ದರಿಂದ ಎಷ್ಟು ಬಿತ್ತು ಎಂಬುದಷ್ಟೇ ಮುಖ್ಯ ಎಂದು ಬಿತ್ತು ಎಂಬುದು. ಹೊಸ ಹಿಮ ಬಿದ್ದ ದಿನ ಹಾಡು ಕುಣಿತಗಳೊಡನೆ ಹಬ್ಬ ಮಾಡಬೇಕೆಂದು ಕಾಶ್ಮೀರದ ಪ್ರಾಚೀನ ಗ್ರಂಥ ನೀಲಮತ ಪುರಾಣ ವಿಧಿಸುತ್ತದೆ. ಮೊದಲ ಹಿಮವನ್ನು ಅಲ್ಲಿನವರು ಶಾಪವೆಂದು ಎಣಿಸಿದವರಲ್ಲ.

ಈ ಹಿಮ ಬರುವುದಾದರೂ ಎಲ್ಲಿಂದ? ಮುಂಗಾರಿನ ಮೋಡ ನೈರುತ್ಯದಿಂದ ಬಂದರೆ, ಹಿಮದ ಮೋಡ ಬರುವುದು ಪಶ್ಚಿಮದಿಂದ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹುಟ್ಟುವ ವಾಯುಭಾರ ಕುಸಿತಗಳು ಆಕಾಶದ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಯನ್ನೇರಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟುತ್ತವೆ. ದಾರಿಯಲ್ಲಿ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರ, ಅರಬ್ಬೀ ಸಮುದ್ರಗಳ ತೇವವನ್ನು ಸೆಳೆದುಕೊಂಡು ಹಿಮಾಲಯಕ್ಕೆ ಬಂದು ಡಿಕ್ಕಿ ಹೊಡೆಯುತ್ತವೆ. ಹವಾಮಾನ ತಜ್ಞರು ಇವನ್ನು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’, ಪಶ್ಚಿಮದ ಕ್ಷೋಭೆ, ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ತಿಂಗಳಿಗೆ ನಾಲ್ಕಾರು ಬರುತ್ತವೆ. ಎಲ್ಲವೂ ಹಿಮ ಸುರಿಸುವುದಿಲ್ಲ, ಕೆಲವು ಬರಿಯ ಮೋಡ ತೋರಿಸಿ ಹೋಗುತ್ತವೆ. ಪಂಜಾಬಿನ ಗೋಧಿಗೆ ಚಳಿಗಾಲದ ಮಳೆ ಹನಿಸುವುದೂ ಇವೇ.

ಇಷ್ಟು ದೂರದಿಂದ ಬರುವ ಅತಿಥಿ ಮೊದಲೇ ಕಾಣಿಸುತ್ತಾನೆ ಎಂಬುದು ಮುನ್ಸೂಚನೆಗೆ ಇರುವ ದೊಡ್ಡ ಅನುಕೂಲ. ಕ್ಷೋಭೆ ಇನ್ನೂ ಇರಾನಿನ ಆಚೆ ಇರುವಾಗಲೇ ಉಪಗ್ರಹಗಳ ಕಣ್ಣಿಗೆ, ಕಂಪ್ಯೂಟರ್ ಮಾದರಿಗಳ ಲೆಕ್ಕಕ್ಕೆ ಸಿಕ್ಕಿರುತ್ತದೆ. ನಾಲ್ಕೈದು ದಿನ ಮುಂಚೆ ‘ಪಶ್ಚಿಮ ಹಿಮಾಲಯದಲ್ಲಿ ಮಳೆ ಅಥವಾ ಹಿಮ’ ಎಂದು ಹೇಳುವುದು ಈಗ ಹೆಚ್ಚು ಕಷ್ಟವಲ್ಲ. ಕಷ್ಟವೆಲ್ಲ ಅಡಗಿರುವುದು ಆ ‘ಅಥವಾ’ ಎಂಬ ಪದದಲ್ಲಿ.

ಮೋಡದೊಳಗೆ ಮೇಲೆ ಎಲ್ಲವೂ ಹಿಮವೇ. ಕೆಳಗಿಳಿಯುತ್ತ ಬೆಚ್ಚಗಿನ ಗಾಳಿ ಸಿಕ್ಕರೆ ಅದು ಕರಗಿ ಮಳೆಯಾಗುತ್ತದೆ, ಸಿಗದಿದ್ದರೆ ಹಿಮವಾಗಿಯೇ ನೆಲ ಮುಟ್ಟುತ್ತದೆ. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಗ್ಗುತ್ತದೆ. ಎಂದರೆ ಮುನ್ಸೂಚನೆಯಲ್ಲಿ ಒಂದೇ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಮಳೆ ಹಿಮಗಳ ಗಡಿರೇಖೆ ಬೆಟ್ಟದ ಮೈಮೇಲೆ ನೂರೈವತ್ತು ಮೀಟರು ಮೇಲೋ ಕೆಳಗೋ ಸರಿಯುತ್ತದೆ. ಶಿಮ್ಲಾ ಪಟ್ಟಣ ಇರುವುದು ಸುಮಾರು 2,200 ಮೀಟರ್ ಎತ್ತರದಲ್ಲಿ. ಹತ್ತಿಪ್ಪತ್ತು ಕಿಲೋಮೀಟರಿನೊಳಗೇ ಇರುವ ಕುಫ್ರಿ ಅದಕ್ಕಿಂತ ನಾನೂರು ಮೀಟರಿನಷ್ಟು ಮೇಲೆ. ಕುಫ್ರಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದ ದಿನ ಶಿಮ್ಲಾದ ಮಾಲ್ ರಸ್ತೆಯಲ್ಲಿ ಬರಿಯ ಜಡಿಮಳೆ ಹಿಡಿದಿರುವುದು ಅಪರೂಪವಲ್ಲ. ಬಯಲುಸೀಮೆಯಲ್ಲಿ ಒಂದು ಡಿಗ್ರಿಯ ತಪ್ಪನ್ನು ಯಾರೂ ಗಮನಿಸುವುದೂ ಇಲ್ಲ. ಇಲ್ಲಿ ಅದೇ ಒಂದು ಡಿಗ್ರಿಯಿಂದ ಬಸ್ಸು ಓಡುತ್ತದೋ ನಿಲ್ಲುತ್ತದೋ ಎಂಬುದು ತೀರ್ಮಾನವಾಗುತ್ತದೆ.

ಹಿಮವೇ ಬೀಳುವುದೆಂದು ಖಚಿತವಾದರೂ ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ಸೆಂಟಿಮೀಟರ್ ಮಳೆಗೆ ಹತ್ತು ಸೆಂಟಿಮೀಟರ್ ಹಿಮ ಎಂಬುದು ಸ್ಥೂಲ ಲೆಕ್ಕ. ಶೂನ್ಯದ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ ಅದರ ಅರ್ಧದಷ್ಟೇ ಎತ್ತರ ಕಟ್ಟಬಹುದು. ಕಡುಚಳಿಯ ಒಣ ಹಿಮ ಹದಿನೈದು ಇಪ್ಪತ್ತು ಸೆಂಟಿಮೀಟರ್ ಏರಬಹುದು. ಬಿದ್ದದ್ದನ್ನು ಅಳೆಯುವುದೂ ಸುಲಭವಲ್ಲ. ಮಳೆಮಾಪಕದ ಬಾಯಿಗೆ ಬೀಳಬೇಕಾದ ಹಗುರ ಹಿಮವನ್ನು ಗಾಳಿ ಪಕ್ಕಕ್ಕೆ ಹಾರಿಸಿಬಿಡುತ್ತದೆ. ಇದರ ಮೇಲೆ ಪರ್ವತದ ಪಕ್ಷಪಾತ ಬೇರೆ. ಪೀರ್ ಪಂಜಾಲ್ ಶ್ರೇಣಿ ತೇವದ ಗಾಳಿಗೆ ಎದೆಯೊಡ್ಡಿ ನಿಂತು ಬನಿಹಾಲ್, ಗುಲ್ಮಾರ್ಗ್‌ಗಳಿಗೆ ಧಾರಾಳವಾಗಿ ಹಂಚುತ್ತದೆ. ಮುಂದೆ ಮಹಾ ಹಿಮಾಲಯವನ್ನೂ ದಾಟಿದ ಲೇಹ್‌ಗೆ ವರ್ಷವಿಡೀ ಸೇರಿ ಸಿಗುವುದು ಸುಮಾರು ನೂರು ಮಿಲಿಮೀಟರ್ ಮಾತ್ರ. ಸಹ್ಯಾದ್ರಿಯ ಆಗುಂಬೆಗೂ ಅದರ ಮಗ್ಗುಲಿನ ಒಣಸೀಮೆಗೂ ಇರುವ ಅಂತರವನ್ನು ನೆನೆದರೆ ಇದು ಅರ್ಥವಾಗುತ್ತದೆ. ಮಾಹಿತಿ ಕೊಡಬೇಕಾದ ರಾಡಾರಿನ ನೋಟಕ್ಕೂ ಬೆಟ್ಟಗಳು ಅಡ್ಡ ಬರುತ್ತವೆ. ಕುಫ್ರಿ, ಮುಕ್ತೇಶ್ವರ, ಸುರ್ಕಂಡಾ ದೇವಿ, ಬನಿಹಾಲ್‌ಗಳಂಥ ಶಿಖರಗಳ ಮೇಲೆ ರಾಡಾರುಗಳು ಬಂದದ್ದು ತೀರ ಈಚೆಗೆ, 2021ರಿಂದ.

ಬೆಟ್ಟದ ಹಿಮವನ್ನು ಅದರದೇ ಸಲುವಾಗಿ ಅಭ್ಯಾಸ ಮಾಡುವ ಸಂಸ್ಥೆ ಭಾರತದಲ್ಲಿ ಹುಟ್ಟಿದ್ದು ಸೈನ್ಯದ ಅಗತ್ಯಕ್ಕೆ. 1969ರಲ್ಲಿ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತ ಅಧ್ಯಯನ ಕೇಂದ್ರ ಆರಂಭವಾಯಿತು. 2020ರಲ್ಲಿ ಅದನ್ನು ಮತ್ತೊಂದು ಪ್ರಯೋಗಾಲಯದೊಡನೆ ಕೂಡಿಸಿ ಹೊಸ ಹೆಸರಿಟ್ಟಿದ್ದಾರೆ. ಅಲ್ಲಿನವರು ನೋಡುವುದು ಮೋಡವನ್ನಷ್ಟೇ ಅಲ್ಲ, ನೆಲದ ಮೇಲಿನ ಹಿಮದ ಒಡಲನ್ನು ಕೂಡ. ಹಳೆಯ ಹಿಮದ ಮೇಲ್ಮೈ ಗಡುಸಾಗಿದ್ದರೆ, ಇಲ್ಲವೆ ಒಳಗಿನ ಒಂದು ಪದರ ಸಕ್ಕರೆ ಹರಳಿನಂತೆ ಸಡಿಲವಾಗಿದ್ದರೆ, ಅದರ ಮೇಲೆ ಒಂದೇ ದಿನ ಮೊಳದುದ್ದ ಹೊಸ ಹಿಮ ಬಿದ್ದಾಗ ಇಡೀ ಹೊರೆ ಜಾರುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರುಗಳು ಎಲ್ಲಕ್ಕಿಂತ ಅಪಾಯಕಾರಿ. ಅದಕ್ಕಿಂತ ತೀರ ಕಡಿದಾದ ಕಡೆ ಹಿಮ ಹೆಚ್ಚು ನಿಲ್ಲುವುದಿಲ್ಲ.

ಸಿಯಾಚಿನ್‌ನಲ್ಲಿ ಗುಂಡಿಗಿಂತ ಹಿಮಕ್ಕೂ ಚಳಿಗೂ ಬಲಿಯಾದವರೇ ಹೆಚ್ಚು. 2012ರ ಏಪ್ರಿಲ್‌ನಲ್ಲಿ ಗಯಾರಿ ಎಂಬಲ್ಲಿ ಪಾಕಿಸ್ತಾನದ ಸೇನಾ ನೆಲೆಯ ಮೇಲೆ ಹಿಮ ಕುಸಿದು 140 ಮಂದಿ ಸತ್ತರು. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಭಾರತೀಯ ಠಾಣೆಯೊಂದರ ಮೇಲೆ ಹಿಮದ ಗೋಡೆ ಕಳಚಿ ಬಿದ್ದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕದ್ದು, ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಕಣ್ಣುಮುಚ್ಚಿದ್ದು ಕರ್ನಾಟಕ ಮರೆತಿಲ್ಲ. ಹತ್ತು ಮಂದಿಯಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು. ಎರೆಮಣ್ಣಿನ ಬಯಲಿನ ಮಗನಿಗೂ ಮೆಡಿಟರೇನಿಯನ್ನಿನಿಂದ ಬಂದ ಮೋಡಕ್ಕೂ ಇರುವ ಸಂಬಂಧ ಆ ವಾರ ಮನೆಮನೆಯ ಮಾತಾಯಿತು.

ಮುನ್ಸೂಚನೆ ಸರಿಯಾಗಿದ್ದರೆ ಸಾಕೆ? ಸಾಲದು ಎನ್ನುವುದಕ್ಕೆ ಮರೀ ಪಟ್ಟಣವೇ ಸಾಕ್ಷಿ. ಇಸ್ಲಾಮಾಬಾದಿಗೆ ಹತ್ತಿರದ ಈ ಗಿರಿಧಾಮದಲ್ಲಿ 2022ರ ಜನವರಿ ಮೊದಲ ವಾರ ಭಾರೀ ಹಿಮ ಬೀಳುತ್ತದೆಂದು ಪಾಕಿಸ್ತಾನದ ಹವಾಮಾನ ಇಲಾಖೆ ಮೊದಲೇ ಎಚ್ಚರಿಸಿತ್ತು. ಆ ಸುದ್ದಿ ಕೇಳಿಯೇ ಹಿಮ ನೋಡಲು ಜನ ಕಾರುಗಳಲ್ಲಿ ನುಗ್ಗಿದರು. ರಸ್ತೆ ಮುಚ್ಚಬೇಕಾದವರು ಸಕಾಲಕ್ಕೆ ಮುಚ್ಚಲಿಲ್ಲ. ರಾತ್ರಿಯಿಡೀ ಹಿಮದಲ್ಲಿ ಸಿಕ್ಕಿಕೊಂಡ ಕಾರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಚಳಿ ತಡೆಯಲು ಎಂಜಿನ್ ಚಾಲೂ ಇಟ್ಟದ್ದರಿಂದ ವಿಷಾನಿಲ ಒಳಸೇರಿ ಸತ್ತವರೂ ಅವರಲ್ಲಿದ್ದರು. ಇದಕ್ಕಿಂತ ಬೇರೆ ಬಗೆಯದು 2005ರ ಫೆಬ್ರುವರಿಯ ದುರಂತ. ದಕ್ಷಿಣ ಕಾಶ್ಮೀರದ ವಾಲ್ಟೆಂಗು ನಾರ್ ಎಂಬ ಹಳ್ಳಿಯ ಮೇಲೆ ಹಿಮ ಕುಸಿದು ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ಪ್ರವಾಸಿಗರಲ್ಲ, ಮನೆಯೊಳಗಿದ್ದವರು. ಮನೆ ಬಿಟ್ಟು ಹೋಗಬೇಕಾದರೆ ಎಚ್ಚರಿಕೆ ಜಿಲ್ಲೆಯ ಹೆಸರು ಹೇಳಿದರೆ ಸಾಲದು, ಇಳಿಜಾರಿನ ಹೆಸರನ್ನೇ ಹೇಳಬೇಕು. ಅಷ್ಟು ಸೂಕ್ಷ್ಮವಾಗಿ ಹೇಳುವುದೇ ಈ ವಿದ್ಯೆಯ ಕಠಿಣ ಭಾಗ.

ಈಚಿನ ವರ್ಷಗಳಲ್ಲಿ ಹಿಮ ಬಾರದಿರುವುದೂ ಸುದ್ದಿಯಾಗುತ್ತಿದೆ. 2024ರ ಜನವರಿಯಲ್ಲಿ ದೊಡ್ಡ ಚಳಿಯ ಬಹುಭಾಗ ಗುಲ್ಮಾರ್ಗ್ ಬೋಳಾಗಿತ್ತು. ತಿಂಗಳ ಕೊನೆಗೆ ಹಿಮ ಬಂತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲವೆಂದು ಮಾರ್ಚ್‌ಗೆ ಮುಂದೂಡಲಾಯಿತು. ಆಟ ಮುಂದಕ್ಕೆ ಹೋದರೆ ನಷ್ಟ ಸ್ವಲ್ಪ. ಝೇಲಂ, ಚಿನಾಬ್, ಸಟ್ಲೆಜ್‌ಗಳ ಬೇಸಿಗೆಯ ನೀರಿನ ಮಾತು ಹಾಗಲ್ಲ. ಸಟ್ಲೆಜ್ ಕಣಿವೆಯ ಹಿಮದ ಹಾಸನ್ನು ಉಪಗ್ರಹದ ಚಿತ್ರಗಳಲ್ಲಿ ಅಳೆದು, ಬೇಸಿಗೆಯಲ್ಲಿ ಭಾಕ್ರಾ ಜಲಾಶಯಕ್ಕೆ ಎಷ್ಟು ನೀರು ಬಂದೀತೆಂದು ಅಂದಾಜು ಮಾಡುವ ಕೆಲಸ 1980ರ ದಶಕದಲ್ಲೇ ಶುರುವಾಯಿತು. ಬ್ಲ್ಯಾನ್‌ಫೋರ್ಡ್ ಹಿಮದಲ್ಲಿ ಮಳೆಯನ್ನು ಹುಡುಕಿದ. ಈ ಎಂಜಿನಿಯರುಗಳು ಹುಡುಕುವುದು ಹಿಮದಲ್ಲೇ ಇರುವ ನೀರನ್ನು. ಇದು ಹೆಚ್ಚು ನಂಬುವಂಥ ಲೆಕ್ಕ.

ಎಲ್ಲರಿಗಿಂತ ಕಾತರದಿಂದ ಮುನ್ಸೂಚನೆ ಕೇಳುವವರು ಬಹುಶಃ ಕಾಶ್ಮೀರದ ಸೇಬು ಬೆಳೆಗಾರರು. ಅವರಿಗೆ ಜನವರಿಯ ಹಿಮ ಬೇಕು, ನವೆಂಬರಿನದು ಬೇಡ. ಜನವರಿಯಲ್ಲಿ ಮರ ಬೋಳಾಗಿರುತ್ತದೆ, ಹಿಮ ಕೊಂಬೆಗಳ ನಡುವೆ ಇಳಿದುಹೋಗುತ್ತದೆ. ನವೆಂಬರಿನಲ್ಲಿ ಎಲೆ ಇನ್ನೂ ಉದುರಿರುವುದಿಲ್ಲ, ಕೆಲವು ತೋಟಗಳಲ್ಲಿ ಹಣ್ಣೂ ಮರದಲ್ಲೇ ಇರುತ್ತದೆ. ಶೂನ್ಯದ ಹತ್ತಿರದ ಆ ಒದ್ದೆ ಹಿಮ ಎಲೆಗಳ ಮೇಲೆ ಕೂತು ಭಾರ ಕಟ್ಟಿದರೆ ಕೊಂಬೆ ಮುರಿಯುತ್ತದೆ, ಕೆಲವೊಮ್ಮೆ ಕಾಂಡವೇ ಸೀಳುತ್ತದೆ. 2018ರ ನವೆಂಬರ್ ಮೊದಲ ವಾರ ಹೀಗೇ ಆಯಿತು, 2019ರ ನವೆಂಬರ್ 7ರಂದು ಮತ್ತೆ ಆಯಿತು. ಶೋಪಿಯಾನ್, ಪುಲ್ವಾಮಾಗಳಲ್ಲಿ ವರ್ಷಗಟ್ಟಲೆ ಸಾಕಿದ ಮರಗಳು ಒಂದೇ ರಾತ್ರಿಯಲ್ಲಿ ಹೋದವು. ಹೊಸದಾಗಿ ನೆಟ್ಟ ಸಾಂಪ್ರದಾಯಿಕ ಸೇಬು ಮರ ಫಲ ಕೊಡಲು ಏಳೆಂಟು ವರ್ಷ ಬೇಕು. ಹಿಮದ ಸೂಚನೆ ಸಿಕ್ಕಾಗ ಬೆಳೆಗಾರ ಮಾಡಬಹುದಾದದ್ದು ಕೆಲವೇ ಕೆಲಸ: ಉಳಿದ ಹಣ್ಣು ಕೀಳುವುದು, ಬಾಗಿದ ಕೊಂಬೆಗಳಿಗೆ ಊರುಗೋಲು ಕೊಡುವುದು, ಹಿಮ ಬೀಳುತ್ತಿರುವಾಗಲೇ ರಾತ್ರಿ ಎದ್ದು ಹೋಗಿ ಮರಗಳನ್ನು ಅಲುಗಾಡಿಸಿ ಹೊರೆ ಇಳಿಸುವುದು. ಇಷ್ಟಕ್ಕೆ ಮೂರು ದಿನ ಸಾಕು, ಆದರೆ ಆ ಮೂರು ದಿನ ಮೊದಲೇ ತಿಳಿಯಬೇಕು. ಶ್ರೀನಗರದ ಹವಾಮಾನ ಕೇಂದ್ರದ ಪ್ರಕಟಣೆ ಅಕ್ಟೋಬರ್ ಕೊನೆಯಲ್ಲಿ ‘ಮಳೆ ಅಥವಾ ಹಿಮ’ ಎಂದಾಗ, ಶೋಪಿಯಾನ್‌ನ ಬೆಳೆಗಾರ ಮೊದಲು ನೋಡುವುದು ತನ್ನ ತೋಟ ಎಷ್ಟು ಎತ್ತರದಲ್ಲಿದೆ ಎಂಬುದನ್ನು.